[ಪದಚರ್ಚೆ] ‘ಫಂಡಮೆಂಟಲಿಸ್ಟ್’: 1925ರ ಡೇಟನ್ ಫಲಕಕ್ಕೆ ಯಾವ ಪದ? (ತುರ್ತು)

ಅ.ಹೆ.:

ಬಲ್ಲವರಲ್ಲಿ ಒಂದು ತುರ್ತು ಕೇಳಿಕೆ. ವಿಜ್ಞಾನ ವಸ್ತುಪ್ರದರ್ಶನದ ಮೂರು ಫಲಕಗಳು ನಾಳೆ ಸಂಜೆ 4ಕ್ಕೆ ಮುದ್ರಣಕ್ಕೆ ಹೋಗಬೇಕು. ವಿಷಯ: ಅಮೆರಿಕದ ಹಳ್ಳಿಗಾಡಿನ ಶಾಲೆಗಳಲ್ಲಿ ಜೀವವಿಕಾಸದ ಪಾಠಕ್ಕೆ ಎದ್ದ ವಿರೋಧ. ಮೊದಲನೆಯದು 1925ರ ಡೇಟನ್ (ಟೆನೆಸೀ; ವಿಕಾಸ ಕಲಿಸಿದನೆಂದು ಶಿಕ್ಷಕನ ವಿಚಾರಣೆ), ಎರಡನೆಯದು 2005ರ ಡೋವರ್ (ಪೆನ್ಸಿಲ್ವೇನಿಯ; ವಿಕಾಸವನ್ನು ಶಂಕಿಸುವ ಶಾಲಾ ಹೇಳಿಕೆಯ ಮೇಲಿನ ಮೊಕದ್ದಮೆ), ಮೂರನೆಯದು ಕೆಂಟಕಿಯ ವಿಲಿಯಮ್ಸ್‌ಟೌನ್‌ನಲ್ಲಿ ಕಟ್ಟಿರುವ, ಬೈಬಲಿನ ಪ್ರಳಯದ ಕಥೆಯ ನೋಹನ ನಾವೆ. ತಲೆಬರಹ ಒಂದೇ ಸಾಲು, 18 ಅಕ್ಷರ ಮೀರುವಂತಿಲ್ಲ. ಒಡಲು 60 ಪದದೊಳಗೆ.

‘ಫಂಡಮೆಂಟಲಿಸ್ಟ್’ ಎಂಬುದಕ್ಕೆ ‘ಮೂಲಭೂತವಾದಿ’ ಹಾಕಿದರೆ ಓದುವ ಹುಡುಗರಿಗೆ ಬಾಂಬು, ಬಂದೂಕು ನೆನಪಾಗುತ್ತದೆ. ‘ಥಿಯರಿ’ಗೆ ವಾದವೋ ಸಿದ್ಧಾಂತವೋ? ‘ಬೈಬಲ್ ಬೆಲ್ಟ್’ಗೆ (ಅಮೆರಿಕದ ದಕ್ಷಿಣದ, ಬೈಬಲ್ ನಿಷ್ಠೆ ಗಾಢವಾಗಿರುವ ಪ್ರದೇಶ) ಏನು? ದಯವಿಟ್ಟು ಇಂದೇ ತಿಳಿಸಿ.

ಕೃ.ಭ.:

ಮೂಲಭೂತವಾದ. ನಿಘಂಟಿನಲ್ಲಿದೆ, ದಿನಪತ್ರಿಕೆಯಲ್ಲಿದೆ. ಮುಗಿಯಿತು.

‘ಭೂತ’ ಎಂದರೆ ಇಲ್ಲಿ ದೆವ್ವವಲ್ಲ, ‘ಆದದ್ದು’. ಮೂಲವೇ ಆಗಿರುವುದು ಮೂಲಭೂತ. ಮೂಲಭೂತ ಹಕ್ಕು, ಮೂಲಭೂತ ವಿಜ್ಞಾನ ಎನ್ನುವಾಗ ಯಾರಿಗೂ ಬಂದೂಕು ನೆನಪಾಗುವುದಿಲ್ಲ. ಪದದಲ್ಲಿ ದೋಷವಿಲ್ಲ, ಬಳಸುವವರಲ್ಲಿದೆ. ಓದುಗರ ತಪ್ಪು ಕಲ್ಪನೆಗೆ ಹೆದರಿ ಪದ ಬದಲಿಸುತ್ತ ಹೋದರೆ ಕೊನೆಗೆ ನಿಘಂಟಿನಲ್ಲಿ ಏನೂ ಉಳಿಯುವುದಿಲ್ಲ.

ಪ.ರಾ.:

ಮುಗಿಯಲಿಲ್ಲ. 1925ರ ಫಲಕದ ಮಟ್ಟಿಗೆ ಆ ಪದ ತಪ್ಪು.

ಡೇಟನ್ನಿನಲ್ಲಿ ಅದು ಬೈಗುಳವಾಗಿರಲಿಲ್ಲ, ಅವರೇ ಹೆಮ್ಮೆಯಿಂದ ಇಟ್ಟುಕೊಂಡ ಹೆಸರಾಗಿತ್ತು. 1910ರಿಂದ 1915ರವರೆಗೆ ‘ದ ಫಂಡಮೆಂಟಲ್ಸ್’ ಎಂಬ 12 ಸಂಪುಟಗಳ ಪ್ರಬಂಧಮಾಲೆ ಬಂತು. ಯೂನಿಯನ್ ಆಯಿಲ್ ಕಂಪನಿಯ ಲೈಮನ್ ಸ್ಟೂವರ್ಟ್ ಹಣ ಕೊಟ್ಟು, ಪಾದ್ರಿಗಳಿಗೂ ಧರ್ಮಪ್ರಚಾರಕರಿಗೂ ಉಚಿತವಾಗಿ ಹಂಚಿಸಿದರು. 1920ರಲ್ಲಿ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರ ಸಂಪಾದಕ ಕರ್ಟಿಸ್ ಲೀ ಲಾಸ್, ಆ ಮೂಲತತ್ತ್ವಗಳಿಗಾಗಿ ಹೋರಾಡಲು ಸಿದ್ಧರಾದವರನ್ನು ‘ಫಂಡಮೆಂಟಲಿಸ್ಟ್’ ಎಂದು ಕರೆದರು. ಅಂದರೆ ಇದು ವೀರಶೈವ, ಮಾಧ್ವ ಎಂಬಂಥ ಪಂಥದ ಹೆಸರು. ಹೆಸರನ್ನು ಅನುವಾದಿಸುವುದಿಲ್ಲ. ಇಂಗ್ಲಿಷಿನವರಿಗೆ ದೊಡ್ಡಕ್ಷರ ಇದೆ, ಹೆಸರು ಯಾವುದು, ಸಾಮಾನ್ಯ ಪದ ಯಾವುದು ಎಂದು ಕಣ್ಣಿಗೇ ತಿಳಿಯುತ್ತದೆ. ನಮ್ಮ ಲಿಪಿಯಲ್ಲಿ ಆ ಸೌಕರ್ಯ ಇಲ್ಲವಾದ್ದರಿಂದ ಎರವಲೇ ಆ ಕೆಲಸ ಮಾಡಬೇಕು.

ಬಹುವಚನ ‘ಫಂಡಮೆಂಟಲಿಸ್ಟರು’ ಆಗಲಿ. ಕಮ್ಯುನಿಸ್ಟರು, ಮಾರ್ಕ್ಸಿಸ್ಟರು ಆಗಲೇ ಕನ್ನಡಕ್ಕೆ ಒಗ್ಗಿದ್ದಾರೆ. ‘ಗಳು’ ಸೇರಿಸಬೇಡಿ. ಸೇರಿಸಿದರೆ ‘ಸ್ಟ್’ ಮತ್ತು ‘ಗ’ ನಡುವೆ ಅಕ್ಷರ ಬೆಸೆಯದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ ಬೇಕು. ಫಲಕ ಮುದ್ರಿಸುವವರು ಯೂನಿಕೋಡ್ ಪಠ್ಯವನ್ನು ಹಳೆಯ ನುಡಿ ಫಾಂಟಿಗೆ ಪರಿವರ್ತಿಸುವಾಗ ಅದು ಬಿದ್ದುಹೋಗಿ, ‘ಗ’ ಒತ್ತಕ್ಷರವಾಗಿ ಕೆಳಗೆ ಜಾರುತ್ತದೆ. 3 ಅಡಿ ಫಲಕದಲ್ಲಿ ಅದು ದೂರದಿಂದಲೇ ಕಾಣುತ್ತದೆ.

ನುಡಿಗ:

ಮತ್ತೆ ಇಂಗ್ಲಿಶಿನ ಬಾಲ. ಒಬ್ಬರು ಸಂಸ್ಕ್ರುತದ ‘ಮೂಲಬೂತ’ ಅನ್ನುತ್ತಾರೆ, ಇನ್ನೊಬ್ಬರು ‘ಪಂಡಮೆಂಟಲಿಸ್ಟರು’ ಅನ್ನುತ್ತಾರೆ. ಕನ್ನಡದ ಬೇರಿನಿಂದ ಪದ ಕಟ್ಟುವ ಬಗೆಯೇ ಇಲ್ಲವೇ? ‘ಅಡಿ’ ಇದೆ, ‘ನಂಬುಗೆ’ ಇದೆ. ಅಡಿನಂಬುಗೆ, ಅಡಿನಂಬುಗರು. ನಾಲ್ಕನೇ ತರಗತಿಯ ಮಗುವಿಗೂ ತಿಳಿಯುತ್ತದೆ. ಎವಲ್ಯೂಶನ್‌ಗೆ ‘ವಿಕಾಸ’ ಎನ್ನುವುದೂ ಸರಿಯಲ್ಲ. ವಿಕಾಸ ಎಂದರೆ ಅರಳುವುದು, ಏಳಿಗೆ. ಡಾರ‍್ವಿನ್ ಹೇಳಿದ್ದು ತಲೆಮಾರಿನಿಂದ ತಲೆಮಾರಿಗೆ ಆಗುವ ಮಾರ‍್ಪಾಟನ್ನು. ಗುಹೆಯ ಮೀನು ಕಣ್ಣು ಕಳೆದುಕೊಂಡದ್ದೂ ಅದೇ. ಅದು ಅರಳಿದ್ದೇ?

ಕೃ.ಭ.:

‘ಅಡಿನಂಬುಗರು’ ಎಂದರೆ ಪಾದ ನಂಬಿದವರು ಎಂದೇ ಓದುತ್ತಾರೆ. ದಾಸರ ಪದಗಳಲ್ಲಿ ಅಡಿ ಅಂದರೆ ಹರಿಯ ಅಡಿ. ಮಗುವಿಗೆ ತಿಳಿಯುವುದು ಅದೇ. ಇನ್ನು ‘ಹೆಸರು’ ಅನುವಾದಿಸಬಾರದೆಂಬ ನಿಯಮ ಎಲ್ಲಿಂದ ಬಂತು? ಪ್ರಾಟೆಸ್ಟಂಟರು ಎನ್ನುತ್ತೇವೆ, ಸರಿ. ಆದರೆ ರೋಮನ್ ಕ್ಯಾಥೊಲಿಕ್ಕರ ‘ಸಭೆ’ಯನ್ನು ಸಭೆ ಎಂದೇ ಅನುವಾದಿಸಿದ್ದೇವೆ. ಅಕ್ಷರಕ್ಕೆ ಅಂಟಿಕೊಳ್ಳುವವರು ಎಂಬ ಅರ್ಥ ಬರಬೇಕಾದರೆ ‘ಅಕ್ಷರವಾದಿ’ ಎನ್ನಿ.

ಪ.ರಾ.:

‘ಅಕ್ಷರವಾದಿ’ ಡೇಟನ್ನಿಗೆ ಇನ್ನೂ ದೊಡ್ಡ ತಪ್ಪು. 1925ರ ಜುಲೈ 20ರಂದು ನ್ಯಾಯಾಲಯದ ಹೊರಗಿನ ಹುಲ್ಲುಹಾಸಿನ ಮೇಲೆ ಶಿಕ್ಷಕನ ಪರ ವಕೀಲ ಕ್ಲಾರೆನ್ಸ್ ಡ್ಯಾರೊ ಅವರು ಎದುರು ಪಕ್ಷದ ವಕೀಲ ವಿಲಿಯಂ ಜೆನಿಂಗ್ಸ್ ಬ್ರಯನ್ ಅವರನ್ನು ಸಾಕ್ಷಿಯಾಗಿ ಕೂರಿಸಿ ಪ್ರಶ್ನಿಸಿದರು. ಸೃಷ್ಟಿಯ ದಿನಗಳು 24 ಗಂಟೆಯ ದಿನಗಳೆಂದು ತಾವು ಭಾವಿಸಿಲ್ಲವೆಂದು ಬ್ರಯನ್ ಒಪ್ಪಿದರು. ಅವರು ಫಂಡಮೆಂಟಲಿಸ್ಟರ ದೊಡ್ಡ ನಾಯಕ, ಆದರೆ ಈ ವಿಷಯದಲ್ಲಿ ಅಕ್ಷರವಾದಿ ಅಲ್ಲ. ಆ ಪ್ರಬಂಧಮಾಲೆಯಲ್ಲಿ ಬರೆದ ಜೇಮ್ಸ್ ಓರ್ ಕೂಡ ವಿಕಾಸಕ್ಕೂ ಕ್ರೈಸ್ತ ನಂಬಿಕೆಗೂ ಹೊಂದಾಣಿಕೆ ಸಾಧ್ಯ ಎಂದವರು. ಕೆಂಟಕಿಯ ನಾವೆ ಕಟ್ಟಿದವರು ಮಾತ್ರ ಆರು ಸಾಮಾನ್ಯ ದಿನ, ಆರು ಸಾವಿರ ವರ್ಷದ ಭೂಮಿ ಎನ್ನುವವರು. ಅವರಿಗೆ ‘ಎಳೆಭೂಮಿ ಸೃಷ್ಟಿವಾದಿಗಳು’ ಎನ್ನಿ. ಮೂರು ಫಲಕಗಳಲ್ಲಿರುವುದು ಒಂದೇ ಗುಂಪಲ್ಲ. ಒಂದೇ ಪದ ಹಾಕಿ ಮೂವರನ್ನೂ ಒಂದೇ ಮೂಟೆಗೆ ಕಟ್ಟುವುದು ಅನ್ಯಾಯ.

‘ವಿಕಾಸ’ದ ಬಗ್ಗೆ ನುಡಿಗರ ಆಕ್ಷೇಪ ಅರ್ಥದ ಮಟ್ಟಿಗೆ ಸರಿ. ಪಠ್ಯಪುಸ್ತಕದ ಪದ ಅದೇ ಆದ್ದರಿಂದ ಫಲಕದಲ್ಲಿ ಬದಲಿಸಲಾಗದು.

ವಿ.ಕು.:

ಎಲ್ಲರೂ ‘ಮೂಲಭೂತ’ದ ಮೇಲೆ ಬಿದ್ದಿದ್ದೀರಿ. ಕೆಡುಕು ಇರುವುದು ‘ವಾದ’ದಲ್ಲಿ.

ಸೃಷ್ಟಿವಾದ, ವಿಕಾಸವಾದ, ಸಮಾಜವಾದ, ಕೋಮುವಾದ. ಒಂದೇ ಬಾಲ. ಡಾರ್ವಿನ್ನನ ಸಿದ್ಧಾಂತಕ್ಕೂ ಪಾದ್ರಿಯ ಮತಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ ಹಚ್ಚಿ, ಎದುರುಬದುರು ಕೂರಿಸಿ, ‘ಎರಡು ವಾದಗಳ ನಡುವಿನ ಚರ್ಚೆ’ ಎಂದು ಬರೆಯುತ್ತೇವೆ. ‘ಎರಡನ್ನೂ ಕಲಿಸಿ, ಮಕ್ಕಳೇ ನಿರ್ಧರಿಸಲಿ’ ಎನ್ನುವವರಿಗೆ ಬೇಕಿರುವುದು ಇದೇ. 1981ರ ಲೂಸಿಯಾನ ಕಾಯಿದೆ ಎರಡಕ್ಕೂ ಸಮಪಾಲು ಕೇಳಿತ್ತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಕೋರ್ಟು ಕೊಡದ ಸಮಪಾಲನ್ನು ನಮ್ಮ ಪ್ರತ್ಯಯ ಕೊಡುತ್ತಿದೆ.

ಆದ್ದರಿಂದ ‘ವಿಕಾಸವಾದ’ ಬೇಡ. ನಡೆದ ಸಂಗತಿಗೆ ‘ಜೀವವಿಕಾಸ’, ಅದರ ವಿವರಣೆಗೆ ‘ವಿಕಾಸ ಸಿದ್ಧಾಂತ’. ಸೃಷ್ಟಿವಾದಕ್ಕೆ ವಾದ ಇರಲಿ, ಅದು ನಿಜಕ್ಕೂ ವಾದ.

ಡೋವರ್ ಫಲಕಕ್ಕೆ ಇದು ಇನ್ನೂ ಮುಖ್ಯ. 2005ರ ಜನವರಿಯಲ್ಲಿ ಅಲ್ಲಿನ ಶಾಲಾ ಮಂಡಳಿ 9ನೇ ತರಗತಿಯ ಜೀವಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಒಂದು ಹೇಳಿಕೆ ಓದಿಸಿತು. ಶಿಕ್ಷಕರು ಓದಲು ಒಪ್ಪಲಿಲ್ಲ, ಆಡಳಿತಾಧಿಕಾರಿಗಳು ಬಂದು ಓದಿದರು. ಡಾರ್ವಿನ್ನನದು ಥಿಯರಿ, ಸತ್ಯಸಂಗತಿಯಲ್ಲ, ಅದರಲ್ಲಿ ಕಂದರಗಳಿವೆ ಎಂದು ಅದರ ಸಾರ. ಇಲ್ಲಿ ‘ಊಹೆ’ ಎಂದು ಅನುವಾದಿಸುವ ಆಸೆ ಹುಟ್ಟುತ್ತದೆ, ಏಕೆಂದರೆ ಹೇಳುವವರ ಧ್ವನಿ ಅದೇ. ಮಾಡಬೇಡಿ. ಅದೇ ಹೇಳಿಕೆ, ಥಿಯರಿ ಎಂದರೆ ಚೆನ್ನಾಗಿ ಪರೀಕ್ಷೆಗೊಳಗಾದ, ಹಲವು ಅವಲೋಕನಗಳನ್ನು ಒಗ್ಗೂಡಿಸುವ ವಿವರಣೆ ಎಂದೂ ಹೇಳುತ್ತದೆ. ಒಂದು ಕಡೆ ಊಹೆ, ಇನ್ನೊಂದು ಕಡೆ ಸಿದ್ಧಾಂತ ಹಾಕಿದರೆ, ಒಂದೇ ಪದವನ್ನು ಎರಡು ಅರ್ಥದಲ್ಲಿ ತಿರುಗಿಸಿದ ಆ ಚಾತುರ್ಯ ಕನ್ನಡದಲ್ಲಿ ಮಾಯವಾಗುತ್ತದೆ. ಎರಡೂ ಕಡೆ ‘ಸಿದ್ಧಾಂತ’ವೇ ಇರಲಿ.

ಕೃ.ಭ.:

ಸಿದ್ಧಾಂತ ಎಂದರೆ ಸಿದ್ಧಪಟ್ಟ ಅಂತ್ಯ, ನಿರ್ಣಯ. ‘ಇದು ಕೇವಲ ಸಿದ್ಧಾಂತ’ ಎಂದರೆ ‘ಇದು ಕೇವಲ ನಿರ್ಣಯವಾದದ್ದು’ ಎಂದಾಗುತ್ತದೆ. ಅರ್ಥವಿಲ್ಲದ ವಾಕ್ಯ.

ವಿ.ಕು.:

ಸೂರ್ಯಸಿದ್ಧಾಂತದ ಕಾಲಕ್ಕೆ ಹಾಗೆ. ಇಂದು ‘ಪಕ್ಷದ ತತ್ವ ಸಿದ್ಧಾಂತ’ ಎನ್ನುವವರ ಬಾಯಲ್ಲಿ ಅದು ನಿಲುವು, ಅಭಿಪ್ರಾಯ. ಕೀಳುಮಾಡುವ ಧ್ವನಿ ಅಲ್ಲಿಂದಲೇ ಬರುತ್ತದೆ. ವ್ಯುತ್ಪತ್ತಿ ಅರ್ಥವಲ್ಲ.

ಪ.ರಾ.:

‘ತತ್ತ್ವ’. ಎರಡು ತಕಾರ. (ಫಲಕಕ್ಕೆ ಆ ಪದ ಬಳಸುವುದಾದರೆ ಸಾಲಿನ ಅಂತರ ಹೆಚ್ಚಿಸಿ, ಕೆಳಗಿನ ವತ್ತು ಮುಂದಿನ ಸಾಲಿನ ಗುಣಿತಕ್ಕೆ ತಾಗುತ್ತದೆ.)

ಡೋವರ್ ಬಗ್ಗೆ ಇನ್ನೊಂದು. ಶಾಲೆಯ ಗ್ರಂಥಾಲಯದಲ್ಲಿಟ್ಟ ಪೂರಕ ಪುಸ್ತಕದ ಹಳೆಯ ಕರಡುಗಳನ್ನು ವಿಚಾರಣೆಯಲ್ಲಿ ತೆರೆದಾಗ, 1987ರ ತೀರ್ಪಿನ ನಂತರ ‘ಸೃಷ್ಟಿವಾದಿಗಳು’ ಎಂದಿದ್ದಲ್ಲೆಲ್ಲ ‘ವಿನ್ಯಾಸ ಪ್ರತಿಪಾದಕರು’ (ಜೀವಿಗಳನ್ನು ಬುದ್ಧಿಯುಳ್ಳ ಶಕ್ತಿಯೊಂದು ವಿನ್ಯಾಸ ಮಾಡಿತು ಎನ್ನುವವರು) ಎಂದು ಬದಲಿಸಿದ್ದು ಕಂಡಿತು. ಒಂದು ಕಡೆ ಬದಲಾವಣೆ ಅರ್ಧಕ್ಕೆ ನಿಂತು, ಹಳೆಯ ಪದದ ತಲೆ ಮತ್ತು ಬಾಲದ ನಡುವೆ ಹೊಸ ಪದ ಸಿಕ್ಕಿಕೊಂಡಿತ್ತು. ಇಂಗ್ಲಿಷ್ ರೂಪವನ್ನು ಲಿಪ್ಯಂತರಿಸಿದರೆ ಕನ್ನಡ ಓದುಗರಿಗೆ ಏನೂ ಹೊಳೆಯದು. ಕನ್ನಡದಲ್ಲೇ ಅದೇ ಗಾಯ ಮಾಡಿ: ‘ಸೃವಿನ್ಯಾಸಪ್ರತಿಪಾದಕವಾದಿಗಳು’. ಮುಂದೆ ‘ಸೃ’, ಹಿಂದೆ ‘ವಾದಿಗಳು’ ಉಳಿದದ್ದು ಕಾಣುವಂತೆ ಆ ಎರಡು ತುಂಡನ್ನು ಬೇರೆ ಬಣ್ಣದಲ್ಲಿ ಮುದ್ರಿಸಿ.

ನುಡಿಗ:

ಬೈಬಲ್ ಬೆಲ್ಟ್‌ಗೆ ಯಾರೂ ಉತ್ತರ ಕೊಡಲಿಲ್ಲ. ಬೈಬಲ್ ಸೀಮೆ. ಮಲೆಸೀಮೆ, ಬಯಲುಸೀಮೆ ಇದ್ದ ಹಾಗೆ. ‘ಪಟ್ಟಿ’ ಅಂದರೆ ಸೊಂಟಕ್ಕೆ ಕಟ್ಟುವುದು.

ಕೃ.ಭ.:

‘ಸೀಮಾ’ ಸಂಸ್ಕೃತ.

ನುಡಿಗ:

ಸೀಮೆಸುಣ್ಣ, ಸೀಮೆಎಣ್ಣೆ ಆದಮೇಲೆ ಕನ್ನಡ. ಬಳಕೆಯಲ್ಲಿ ಸವೆದು ಬಂದದ್ದನ್ನು ಬೇಡ ಎಂದವರು ಯಾರು? ಪಂಡಿತರು ಹೊಸದಾಗಿ ಹೊಸೆದದ್ದು ಬೇಡ ಎನ್ನುವುದಶ್ಟೇ ಮಾತು.

ಪ.ರಾ.:

‘ಬೈಬಲ್ ಸೀಮೆ’ ಒಳ್ಳೆಯ ಪದ, ಇಟ್ಟುಕೊಳ್ಳಿ. ಆದರೆ ಡೇಟನ್ನನ್ನು ‘ಹಳ್ಳಿ’ ಎನ್ನಬೇಡಿ. ಅದು ರೇ ಕೌಂಟಿಯ ಆಡಳಿತ ಕೇಂದ್ರ, ನ್ಯಾಯಾಲಯವಿದ್ದ ಸಣ್ಣ ಪಟ್ಟಣ. ನಾವೆಯ ಅಳತೆಯಲ್ಲೂ ಎಚ್ಚರ. ಬೈಬಲಿನ ಆದಿಕಾಂಡ ಹೇಳುವ 300 ಮೊಳ ಉದ್ದವನ್ನು ನಮ್ಮ ಒಂದೂವರೆ ಅಡಿಯ ಮೊಳದಿಂದ ಗುಣಿಸಿದರೆ 450 ಅಡಿ ಬರುತ್ತದೆ. ಕೆಂಟಕಿಯವರು ಕಟ್ಟಿದ್ದು 510 ಅಡಿ ಉದ್ದ, 85 ಅಗಲ, 51 ಎತ್ತರ. ಅವರು ಹಿಡಿದ ಮೊಳ 20.4 ಅಂಗುಲ. ಫಲಕದಲ್ಲಿ ಅಡಿಯನ್ನೇ ಕೊಡಿ, ಮೊಳ ಕೊಟ್ಟರೆ ಯಾರಾದರೂ ಲೆಕ್ಕ ಹಾಕಿ ತಪ್ಪು ಎನ್ನುತ್ತಾರೆ.

ಅ.ಹೆ.:

ಎಲ್ಲರಿಗೂ ಕೃತಜ್ಞತೆ. ಮೊದಲ ಫಲಕ ಹೀಗಿದೆ:

‘ಡೇಟನ್ನಿನಲ್ಲಿ ವಿಕಾಸದ ವಿಚಾರಣೆ, 1925. ಬೈಬಲ್ ಸೀಮೆಯ ಸಣ್ಣ ಪಟ್ಟಣ ಡೇಟನ್. ಟೆನೆಸೀಯ ಬಟ್ಲರ್ ಕಾಯಿದೆ ಸರ್ಕಾರಿ ಶಾಲೆಗಳಲ್ಲಿ ಜೀವವಿಕಾಸದ ಬೋಧನೆಯನ್ನು ನಿಷೇಧಿಸಿತ್ತು. ಅದರ ಬೆನ್ನಿಗೆ ನಿಂತವರು ಕ್ರೈಸ್ತ ಧರ್ಮದ ಮೂಲತತ್ತ್ವಗಳಿಗಾಗಿ ಹೋರಾಡುತ್ತೇವೆಂದ ಫಂಡಮೆಂಟಲಿಸ್ಟರು. ಶಿಕ್ಷಕ ಜಾನ್ ಸ್ಕೋಪ್ಸ್ ತಪ್ಪಿತಸ್ಥನೆಂದು ಜೂರಿ 100 ಡಾಲರ್ ದಂಡ ವಿಧಿಸಿತು. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು. ಕಾಯಿದೆ ರದ್ದಾದದ್ದು 1967ರಲ್ಲಿ.’

ಕೃ.ಭ.:

ಪದ ನನಗೆ ಒಪ್ಪಿಗೆಯಿಲ್ಲ, ಆದರೆ ಮುದ್ರಿಸಿ.

ಪ.ರಾ.:

ಮುದ್ರಿಸಬೇಡಿ, ಎರಡು ತಪ್ಪಿವೆ.

ಒಂದು, ಕಾಯಿದೆ ನಿಷೇಧಿಸಿದ್ದು ಮನುಷ್ಯ ಕೆಳದರ್ಜೆಯ ಪ್ರಾಣಿಗಳಿಂದ ಬಂದನೆಂಬ ಬೋಧನೆಯನ್ನು. ಗಿಡದ ವಿಕಾಸ, ಕುದುರೆಯ ವಿಕಾಸ ಕಲಿಸಲು ಅಡ್ಡಿಯಿರಲಿಲ್ಲ. ‘ಮನುಷ್ಯನ ವಿಕಾಸದ ಬೋಧನೆ’ ಎಂದು ತಿದ್ದಿ, ಒಂದು ಪದವಷ್ಟೇ ವ್ಯತ್ಯಾಸ.

ಎರಡು, ಜೂರಿ ತಪ್ಪಿತಸ್ಥ ಎಂದಿತು, ದಂಡ ಹಾಕಿದ್ದು ನ್ಯಾಯಾಧೀಶ ರಾಲ್ಸ್‌ಟನ್. ಟೆನೆಸೀಯ ಸಂವಿಧಾನದ ಪ್ರಕಾರ 50 ಡಾಲರ್ ಮೀರಿದ ದಂಡವನ್ನು ಜೂರಿಯೇ ನಿಗದಿ ಮಾಡಬೇಕಿತ್ತು. 1927ರಲ್ಲಿ ಶಿಕ್ಷೆ ಬಿದ್ದುಹೋದದ್ದು ಆ ಒಂದೇ ಕಾರಣಕ್ಕೆ, ಕಾಯಿದೆ ತಪ್ಪೆಂದು ಅಲ್ಲ. ‘ಜೂರಿ ತಪ್ಪಿತಸ್ಥನೆಂದಿತು; ನ್ಯಾಯಾಧೀಶರು 100 ಡಾಲರ್ ದಂಡ ಹಾಕಿದರು’ ಎಂದು ಮಾಡಿ. 60 ಪದದ ಮಿತಿಯೊಳಗೇ ಕೂರುತ್ತದೆ.