ಪುಟ್ಟ ಅಡುಗೆಮನೆಗೆ ಯಾವ ಮಿಕ್ಸಿ? ಬುಲೆಟ್ ತಗೊಳ್ಳೋದಾ, ಎರಡು ಜಾರಿನದ್ದಾ?

ಮೂರನೇ ಮಹಡಿ:

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಇರೋದು ನಾವಿಬ್ಬರೇ. ಅಡುಗೆಮನೆ ಎಷ್ಟು ಚಿಕ್ಕದು ಅಂದ್ರೆ, ನಾನು ಒಲೆ ಮುಂದೆ ನಿಂತಿದ್ದರೆ ನಮ್ಮೆಜಮಾನ್ರು ಫ್ರಿಜ್ ಬಾಗಿಲು ತೆಗೆಯೋ ಹಾಗಿಲ್ಲ. ಕಟ್ಟೆಯ ಆ ಕಡೆ ಸಿಂಕು, ಈ ಕಡೆ ಒಲೆ, ನಡುವೆ ಒಂದು ಮೊರದಷ್ಟು ಜಾಗ. ತರಕಾರಿ ಹೆಚ್ಚೋದು, ಚಪಾತಿ ಲಟ್ಟಿಸೋದು, ಮಿಕ್ಸಿ ಇಡೋದು ಎಲ್ಲ ಅಲ್ಲೇ. ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ ಟೇಪ್ ಹಿಡಿದು ಅಳೆದೆ, 16 ಇಂಚು ಇದೆ.

ಇಷ್ಟು ದಿನ ಅತ್ತೆ ಕೊಟ್ಟ ಹಳೇ ಮಿಕ್ಸಿ ಇತ್ತು. ಹೋದ ವಾರ ಚಟ್ನಿ ರುಬ್ಬುತ್ತಿದ್ದ ಹಾಗೇ ಹೊಗೆ ಬಂತು. ರಿಪೇರಿಗೆ ಕೊಡೋ ದುಡ್ಡಿಗೆ ಇನ್ನೊಂದಿಷ್ಟು ಹಾಕಿದರೆ ಹೊಸದೇ ಬರುತ್ತೆ ಅಂದರು.

ನಾನು ರುಬ್ಬೋದು ಏನು ಅಂತ ಹೇಳಿಬಿಡ್ತೀನಿ. ಬೆಳಗ್ಗೆ ಇಬ್ಬರಿಗೆ ಆಗುವಷ್ಟು ಕಾಯಿ ಚಟ್ನಿ. ವಾರದಲ್ಲಿ ಎರಡು ಮೂರು ಸಲ ಹುಳಿಗೋ ಕೂಟಿಗೋ ಮಸಾಲೆ. ಬಸ್ಸಾರು ಮಾಡಿದ ದಿನ ಖಾರ ರುಬ್ಬಬೇಕು, ನಾವು ಹಾಸನದ ಕಡೆಯವರು, ಬಸ್ಸಾರು ತಪ್ಪಲ್ಲ. ಸಾರಿನ ಪುಡಿ ಊರಿಂದ ಅಮ್ಮ ಕಳಿಸ್ತಾರೆ. ದೋಸೆ ಹಿಟ್ಟು ಕೆಳಗಿನ ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತೆ. ಆಗೊಮ್ಮೆ ಈಗೊಮ್ಮೆ ಜ್ಯೂಸು.

ಅಮ್ಮ ಹೇಳೋದು, "ತಗೊಂಡ್ರೆ 750 ವ್ಯಾಟಿನ ಮೂರು ಜಾರಿಂದೇ ತಗೋ, ನಾಳೆ ಮಕ್ಕಳು ಮರಿ ಆದ್ಮೇಲೆ ಬೇಕಾಗುತ್ತೆ." ಯಜಮಾನ್ರು ಫೋನಿನಲ್ಲಿ ಜಾಹೀರಾತು ನೋಡಿ, ಲೋಟ ತಲೆಕೆಳಗಾಗಿ ಕೂರಿಸೋ 400 ವ್ಯಾಟಿನ ಬುಲೆಟ್ ಸಾಕು ಅಂತಾರೆ. ನನಗೆ 500 ವ್ಯಾಟಿನ ಎರಡು ಜಾರಿನದ್ದು ಸರಿ ಅನ್ನಿಸ್ತಿದೆ, ಆದ್ರೆ ಧೈರ್ಯ ಇಲ್ಲ. ಹ್ಯಾಂಡ್ ಬ್ಲೆಂಡರ್‌ನಲ್ಲೇ ಕೆಲಸ ಆಗುತ್ತಾ? ಇನ್ನೊಂದು ವಿಷ್ಯ, ಮನೆ ಓನರ್ ನಮ್ಮ ಕೆಳಗೇ ಇರೋದು. ಬೆಳಗ್ಗೆ ಆರೂವರೆಗೆ ಮಿಕ್ಸಿ ಹಾಕಿದರೆ ಅವರ ಮುಖ ನೋಡೋಕಾಗಲ್ಲ. ಸದ್ದು ಕಮ್ಮಿ ಇರೋದು ಯಾವುದಾದರೂ ಇದ್ಯಾ? ಬಜೆಟ್ 3500 ಒಳಗೆ.

ಶೇಂಗಾ ಚಟ್ನಿ:

ಅಕ್ಕಾರ, ನಾನು ಧಾರವಾಡದವ, ಪುಣೆಯಲ್ಲಿ ಒಂದು ರೂಮಿನಲ್ಲಿ ಇದ್ದೀನಿ. ನನ್ನ ಹತ್ರ ಇರೋದು ಬುಲೆಟ್ಟೇ. ನನಗಂತೂ ಭಾಳ ಚಲೋ ಅನ್ನಿಸಿದೆ. ಬೆಳಗ್ಗೆ ಬಾಳೆಹಣ್ಣು, ಹಾಲು ಹಾಕಿ ಗರ್ ಅನ್ನಿಸಿ, ಅದೇ ಲೋಟಕ್ಕೆ ಮುಚ್ಚಳ ತಿರುವಿ ಆಫೀಸಿಗೆ ಒಯ್ಯುತ್ತೀನಿ. ತೊಳೆಯೋದೂ ಸಸಾರ. ನೀರು, ಒಂದು ಹನಿ ಸೋಪು ಹಾಕಿ ಮತ್ತೊಮ್ಮೆ ಓಡಿಸಿದರೆ ಮುಗೀತು.

ಶೇಂಗಾ ಚಟ್ನಿ ಪುಡಿಯನ್ನೂ ಅದರಲ್ಲೇ ಮಾಡ್ತೀನಿ. ಆದ್ರೆ ಒಂದೇ ಸಮ ಓಡಿಸಬಾರದು. ಒತ್ತಿ ಬಿಡಬೇಕು, ಒತ್ತಿ ಬಿಡಬೇಕು. ಎಡೆಬಿಡದೆ ಓಡಿಸಿದ್ರೆ ಶೇಂಗಾ ಎಣ್ಣೆ ಬಿಟ್ಟು ಬ್ಲೇಡಿನ ಸುತ್ತ ಮುದ್ದೆ ಆಗಿ ಕೂತುಬಿಡುತ್ತೆ. ಹುರಿದ ಶೇಂಗಾ ಪೂರ್ತಿ ಆರಿರಬೇಕು, ಬೆಳ್ಳುಳ್ಳಿ ಕಡೆಗೆ ಹಾಕಬೇಕು. ಆ ಬೆಳ್ಳುಳ್ಳಿ ವಾಸನೆ ರಬ್ಬರ್ ವಾಷರಿಗೆ ಹಿಡ್ಕೊಂಡು ಮರುದಿನ ಮಿಲ್ಕ್‌ಶೇಕಿಗೂ ಬರುತ್ತೆ, ಅದೊಂದು ಕಿರಿಕಿರಿ. ವಾಷರ್ ಬಿಚ್ಚಿ ಬಿಸಿಲಿಗೆ ಇಟ್ಟರೆ ಸ್ವಲ್ಪ ಹೋಗುತ್ತೆ.

ದಿನಾ ಕಾಯಿ ರುಬ್ಬೋರಿಗೆ ಹೆಂಗೋ ನನಗೆ ಗೊತ್ತಿಲ್ರಿ. ನಮ್ಮ ಕಡೆ ಕಾಯಿ ಅಷ್ಟು ಬಳಸಲ್ಲ.

ಕುಡ್ಲದ ಗಸಿ:

ದಿನಾ ಕಾಯಿ ಅರೆಯುವುದಿದ್ದರೆ ಬುಲೆಟ್ ಬೇಡ ಮಾರಾಯ್ರೆ. ನನ್ನ ತಂಗಿಯ ಮನೆಯಲ್ಲಿ ಒಂದು ಉಂಟು, ರಜೆಯಲ್ಲಿ ಹೋದಾಗ ನಾನೇ ಅರೆದು ನೋಡಿದ್ದೇನೆ. ಗಸಿಗೆ ಮಸಾಲೆ ಅಂದರೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಯಿ ಎಲ್ಲ ಸೇರಿ ಗಂಧದ ಹಾಗೆ ನುಣ್ಣಗೆ ಆಗಬೇಕು. ನೀರು ಒಮ್ಮೆಲೇ ಹೊಯ್ದರೆ ಮೆಣಸಿನ ಸಿಪ್ಪೆ ಹಾಗೇ ಉಳಿಯುತ್ತದೆ. ಮೊದಲು ಗಟ್ಟಿಯಾಗಿ ಅರೆಯಬೇಕು, ಆಮೇಲೆ ಒಂದೊಂದು ಚಮಚ ನೀರು. ಮಿಕ್ಸಿಯಲ್ಲಾದರೆ ಮುಚ್ಚಳ ತೆಗೆದು, ಬದಿ ಕೆರೆದು, ನೀರು ಹಾಕಿ ಪುನಃ ಓಡಿಸಬಹುದು. ಬುಲೆಟ್‌ನಲ್ಲಿ ಪ್ರತಿ ಸಲ ಲೋಟ ಎತ್ತಿ, ತಿರುಗಿಸಿ, ಬ್ಲೇಡ್ ಬಿಚ್ಚಿ, ಕೈಯೆಲ್ಲ ಖಾರ ಮಾಡಿಕೊಂಡು ಮತ್ತೆ ಹಾಕಬೇಕು. ಎರಡನೇ ಸಲಕ್ಕೇ ಸಾಕಾಗುತ್ತದೆ.

ಹ್ಯಾಂಡ್ ಬ್ಲೆಂಡರ್ ಬೆಂದ ಬೇಳೆ ಮಸೆಯಲಿಕ್ಕೆ, ಮಜ್ಜಿಗೆ ಕಡೆಯಲಿಕ್ಕೆ ಚಂದ. ಕಾಯಿಗೆ ಆಗುವುದಿಲ್ಲ.

ಮತ್ತೆ, ಎರಡು ಜಾರಿನ ಮಿಕ್ಸಿ ತೆಗೆದುಕೊಂಡರೆ ನೀರ್‌ದೋಸೆ ಮನೆಯಲ್ಲೇ ಮಾಡಿ. ಅಕ್ಕಿ ನೆನೆಸಿ ದೊಡ್ಡ ಜಾರಿಗೆ ಹಾಕಿದರೆ ಆಯಿತು. ಹಿಟ್ಟು ನೀರಾಗಿರುವುದರಿಂದ ಮೋಟಾರಿಗೂ ಭಾರ ಇಲ್ಲ, ಗ್ರೈಂಡರ್ ಬೇಡ, ಹುಳಿ ಬರಿಸುವುದೂ ಬೇಡ.

ಕಾರ್ಬನ್ ಬ್ರಶ್:

ಮೈಸೂರಿನಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಂಪನಿ ಹೆಸರು ಕೇಳಬೇಡಿ, ಎಲ್ಲ ಕಂಪನಿಯವೂ ನನ್ನ ಬೆಂಚಿಗೆ ಬರುತ್ತವೆ.

ನೋಡಿ ಮೇಡಂ, ಎಲ್ಲರೂ ವ್ಯಾಟಿನಿಂದ ಶುರು ಮಾಡ್ತಾರೆ. ನೀವು ಚಟ್ನಿ ಜಾರಿನಿಂದ ಶುರು ಮಾಡಿ. ಇಬ್ಬರ ಚಟ್ನಿ ಅಂದ್ರೆ ಅರ್ಧ ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ. ಅದನ್ನ ಒಂದೂವರೆ ಲೀಟರಿನ ಜಾರಿಗೆ ಹಾಕಿದರೆ ಕಾಯಿ ಎಲ್ಲ ಹಾರಿ ಗೋಡೆಗೆ ಅಂಟುತ್ತೆ, ಕೆಳಗೆ ಬ್ಲೇಡು ಸುಮ್ನೆ ಗಾಳಿಯಲ್ಲಿ ತಿರುಗುತ್ತೆ. ಜನ ಏನು ಮಾಡ್ತಾರೆ? ಇನ್ನಷ್ಟು ನೀರು ಹಾಕ್ತಾರೆ. ಚಟ್ನಿ ನೀರಾಗುತ್ತೆ, ಕಾಯಿ ತರಿ ಹಾಗೇ ಇರುತ್ತೆ. ನಿಮಗೆ ಬೇಕಾಗಿರೋದು 400 ಮಿಲಿಲೀಟರ್ ಆಸುಪಾಸಿನ ಚಿಕ್ಕ ಸ್ಟೀಲ್ ಜಾರು. ದಿನಾ ಕೈಗೆ ಬರೋದು ಅದೇ.

ಅಂಗಡಿಯಲ್ಲಿ ಆ ಜಾರು ಕೈಗೆ ತಗೊಂಡು ಬಗ್ಗಿ ನೋಡಿ. ಬ್ಲೇಡಿಗೂ ತಳಕ್ಕೂ ನಡುವೆ ಸಂದು ಜಾಸ್ತಿ ಇದ್ದರೆ ಕಾಯಿ ಅದರಡಿ ಸಿಕ್ಕಿಕೊಂಡು ಅರೆಯೋದೇ ಇಲ್ಲ. ಬ್ಲೇಡಿನ ತುದಿ ಜಾರಿನ ಗೋಡೆಗೆ ಹತ್ತಿರ ಇರಬೇಕು. ನಿಮ್ಮ ಎರಡು ಬೆರಳು ತಳದವರೆಗೆ ಹೋಗಬೇಕು, ಇಲ್ಲದಿದ್ರೆ ತೊಳೆಯೋದು ಹೇಗೆ? ಮುಚ್ಚಳದ ವಾಷರ್ ಎಳೆದು ನೋಡಿ, ಸಡಿಲ ಇರಬಾರದು. ಜಾರನ್ನ ಮಿಕ್ಸಿ ಮೇಲೆ ಕೂರಿಸಿ ಅಲ್ಲಾಡಿಸಿ. ಲೊಡಲೊಡ ಅಂದ್ರೆ ಬೇಡ. ಅಂಗಡಿಯವರು ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಇನ್ನು ವ್ಯಾಟು. ಅದು ಎಷ್ಟು ಕರೆಂಟು ಎಳೆಯುತ್ತೆ ಅನ್ನೋ ಲೆಕ್ಕ. ಎಷ್ಟು ನುಣ್ಣಗೆ ಆಗುತ್ತೆ ಅನ್ನೋದು ಬ್ಲೇಡು, ಜಾರಿನ ಆಕಾರದ ಮೇಲೆ. ನೀವು ಹೇಳಿದ ಕೆಲಸಕ್ಕೆ 500 ಸಾಕು. ವಾರ ವಾರ ಇಡ್ಲಿ ಹಿಟ್ಟು ಮಿಕ್ಸಿಯಲ್ಲೇ ರುಬ್ಬೋರಿಗೆ, ಅರಿಸಿನ ಕೊಂಬು ಪುಡಿ ಮಾಡೋರಿಗೆ 750 ಬೇಕು. ಅಮ್ಮ ಹೇಳಿದ್ದರಲ್ಲೂ ತಪ್ಪಿಲ್ಲ, ಮುಂದೆ ಮನೆ ದೊಡ್ಡದಾದರೆ ಆಗ ನೋಡಿಕೊಳ್ಳಿ. 750 ತಗೊಂಡರೆ ಬಿಲ್ಲು ಜಾಸ್ತಿ ಬರುತ್ತೆ ಅಂತ ಮಾತ್ರ ಹೆದರಬೇಡಿ. ದಿನಕ್ಕೆ ಐದು ನಿಮಿಷ ಓಡಿಸಿದರೂ ತಿಂಗಳಿಗೆ ಎರಡು ಯೂನಿಟ್ ಆಗಲ್ಲ. ಪ್ಲಗ್ ಪಾಯಿಂಟೂ ಅಷ್ಟೆ. 750 ವ್ಯಾಟು ಅಂದ್ರೆ ನಮ್ಮ 230 ವೋಲ್ಟಿಗೆ ಮೂರು ಚಿಲ್ಲರೆ ಆಂಪಿಯರು, ಮಾಮೂಲಿ 6 ಆಂಪಿಯರ್ ಪಾಯಿಂಟೇ ಸಾಕು. ಐಎಸ್‌ಐ ಗುರುತು ನೋಡಿ, ಮಿಕ್ಸಿಗೆ ಅದರ ಜೊತೆ ಐಎಸ್ 4250 ಅಂತ ನಂಬರ್ ಇರುತ್ತೆ.

ಬುಲೆಟ್ಟು ಕೆಟ್ಟದ್ದು ಅಂತ ನಾನು ಹೇಳಲ್ಲ. ಶೇಂಗಾ ಚಟ್ನಿಯವರ ಕೆಲಸಕ್ಕೆ ಅದೇ ಸರಿ. ಒಳಗಿರೋದು ಇದೇ ಜಾತಿಯ ಬ್ರಶ್ ಮೋಟಾರು, ಆದ್ರೆ ಮೈ ಚಿಕ್ಕದು, ಗಾಳಿ ಆಡೋ ಜಾಗ ಕಮ್ಮಿ. ಬೇಗ ಕಾಯುತ್ತೆ. ಅದಕ್ಕೇ ಅದರ ಪುಸ್ತಕದಲ್ಲಿ ಒಂದು ನಿಮಿಷ ಓಡಿಸಿ, ನಿಲ್ಲಿಸಿ ಅಂತ ಬರೆದಿರ್ತಾರೆ. ಯಾರೂ ಓದಲ್ಲ. ಗಟ್ಟಿ ಮಸಾಲೆ ಹಾಕಿ ಒತ್ತಿ ಹಿಡ್ಕೊಂಡೇ ಇರ್ತಾರೆ, ಆಮೇಲೆ ನನ್ನ ಹತ್ರ ಬರ್ತಾರೆ.

ಎತ್ತರದ ವಿಷ್ಯ. 16 ಇಂಚಿನಲ್ಲಿ ಚಟ್ನಿ ಜಾರು ಆರಾಮಾಗಿ ಕೂರುತ್ತೆ. ದೊಡ್ಡ ಜಾರು ಕೂತರೂ ಅದನ್ನ ಮೇಲಕ್ಕೆ ಎತ್ತಿ ತೆಗೆಯೋಕೆ ಜಾಗ ಸಾಲದೆ ಹೋಗಬಹುದು. ಆ ಜಾರು ಹಾಕಿದಾಗ ಮಿಕ್ಸಿಯನ್ನ ಕಟ್ಟೆ ಅಂಚಿನ ಕಡೆ ಎಳೆದುಕೊಳ್ಳಿ. ಟೇಪ್ ಅಂಗಡಿಗೂ ತಗೊಂಡು ಹೋಗಿ. ವೈರಿನ ಉದ್ದವನ್ನೂ ನೋಡಿ, ಪಾಯಿಂಟು ಒಲೆಯ ಆಚೆ ಇದ್ದರೆ ವೈರು ಉರಿಯ ಮೇಲೆ ಹಾಯಬಾರದು.

ಸದ್ದು ಕಮ್ಮಿ ಇರೋ ಮಿಕ್ಸಿ ನಿಮ್ಮ ಬಜೆಟ್ಟಿನಲ್ಲಿ ಇಲ್ಲ, ಬುಲೆಟ್ಟೂ ಏನು ಪಿಸುಗುಟ್ಟಲ್ಲ. ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗೋ ಮೋಟಾರು ಅದು. ಗೋಡೆಗೆ ತಾಗದ ಹಾಗೆ ಇಡಿ, ಪಕ್ಕದ ಸ್ಟೀಲ್ ಪಾತ್ರೆ ಸರಿಸಿ, ಅಡಿಗೆ ತೆಳ್ಳನೆ ರಬ್ಬರ್ ಮ್ಯಾಟ್ ಹಾಕಿ. ಟವೆಲ್ ಮಡಚಿ ಹಾಕಬೇಡಿ, ಗಾಳಿ ಎಳೆಯೋ ತೂತು ತಳದಲ್ಲೇ ಇರೋದು. ಓನರ್ ಮುಖದ ವಿಷ್ಯಕ್ಕೆ ನನ್ನ ಹತ್ರ ಸ್ಪೇರ್ ಪಾರ್ಟ್ ಇಲ್ಲ.

ಕೊನೆಗೊಂದು. ಜಾರಿನ ಅಡಿ ಹಲ್ಲು ಹಲ್ಲಾಗಿ ಒಂದು ಬಿಲ್ಲೆ ಕೂರುತ್ತಲ್ಲ, ಅದು ಕಪ್ಲರ್. ಬ್ಲೇಡು ಸಿಕ್ಕಿಕೊಂಡಾಗ ಮೊದಲು ಅದೇ ಸವೆದು, ಮುರಿದು ಮೋಟಾರನ್ನ ಉಳಿಸುತ್ತೆ. ಅಗ್ಗದ ಸಾಮಾನು, ಆದ್ರೆ ಒಂದೊಂದು ಮಾಡೆಲಿಗೆ ಒಂದೊಂದು ಥರ. ನಿಮ್ಮ ಬೀದಿಯ ರಿಪೇರಿ ಅಂಗಡಿಯಲ್ಲಿ ಯಾವ ಮಾಡೆಲಿನ ಕಪ್ಲರ್, ವಾಷರ್ ಸಿಗುತ್ತೆ ಅಂತ ಕೇಳಿ, ಆಮೇಲೆ ಮಿಕ್ಸಿ ಆರಿಸಿ. ಆನ್‌ಲೈನ್‌ನಲ್ಲಿ ಬರೋ ಹೆಸರಿಲ್ಲದ ಬುಲೆಟ್ಟುಗಳಿಗೆ ನಾನೂ ಎಷ್ಟೋ ಸಲ ಸಾಮಾನು ಸಿಗದೆ ವಾಪಸ್ ಕಳಿಸಿದ್ದೇನೆ.

ಮೂರನೇ ಮಹಡಿ:

ಅಯ್ಯೋ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಗಸಿ ಅಕ್ಕ, ನೀರ್‌ದೋಸೆ ಖಂಡಿತ ಮಾಡಿ ನೋಡ್ತೀನಿ.

ಇನ್ನೊಂದು ಡೌಟು. ಬಸ್ಸಾರಿಗೆ ನಾನು ಈರುಳ್ಳಿ, ಬೆಳ್ಳುಳ್ಳಿ ಹುರಿದು, ಬಸಿದ ಕಾಳು ಸೊಪ್ಪಲ್ಲೇ ಒಂದು ಹಿಡಿ ಸೇರಿಸಿ ರುಬ್ಬೋದು. ಬೆಳಗ್ಗೆ ಆಫೀಸಿನ ಗಡಿಬಿಡಿ, ಆರೋ ತನಕ ಕಾಯೋಕೆ ಆಗಲ್ಲ. ಬಿಸಿ ಇದ್ದಾಗಲೇ ಹಾಕಿದರೆ ಏನಾಗುತ್ತೆ? ಮತ್ತೆ, ಇವರ ಕಂಪನಿಯಿಂದ ಮುಂದಿನ ವರ್ಷ ಅಮೆರಿಕಕ್ಕೆ ಕಳಿಸೋ ಮಾತು ನಡೀತಿದೆ. ಹೋದ್ರೆ ಈ ಮಿಕ್ಸಿನೂ ತಗೊಂಡು ಹೋಗಬಹುದಾ?

ಕಾರ್ಬನ್ ಬ್ರಶ್:

ಬುಲೆಟ್‌ನಲ್ಲಿ ಬಿಸಿ ಪದಾರ್ಥ ಹಾಕಲೇಬಾರದು. ಲೋಟ ಪೂರ್ತಿ ಮುಚ್ಚಿರುತ್ತೆ, ಆವಿಗೆ ಹೋಗೋಕೆ ದಾರಿ ಇಲ್ಲ. ತಿರುಗಿಸಿ ಬಿಚ್ಚುವಾಗ ಮುಖಕ್ಕೇ ಎರಚುತ್ತೆ. ಯಜಮಾನ್ರಿಗೆ ಇದನ್ನ ತೋರಿಸಿ.

ಮಿಕ್ಸಿಯಲ್ಲೂ ಒಲೆಯಿಂದ ಇಳಿಸಿದ ಹಾಗೇ ಹಾಕಬೇಡಿ. ಅಗಲ ತಟ್ಟೆಗೆ ಹರಡಿ ಫ್ಯಾನ್ ಕೆಳಗಿಡಿ, ನೀವು ತಲೆ ಬಾಚಿಕೊಳ್ಳೋ ಹೊತ್ತಿಗೆ ಆರಿರುತ್ತೆ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಜಾರು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಮುಚ್ಚಳದ ನಡುವೆ ಚಿಕ್ಕ ಬಿರಡೆ ಇದ್ದರೆ ಅದನ್ನ ತೆಗೆದು ಬಟ್ಟೆ ಮುಚ್ಚಿ ಹಿಡಿದುಕೊಳ್ಳಿ.

ಎಡಿಸನ್ ಸೊಸೆ:

ಅಮೆರಿಕದ ಪ್ರಶ್ನೆಗೆ ನಾನು ಹೇಳ್ತೀನಿ, ನ್ಯೂಜೆರ್ಸಿಯಲ್ಲಿದ್ದೀನಿ. ಆ ಮಿಕ್ಸಿ ತರಬೇಡಿ. ಇಲ್ಲಿ 120 ವೋಲ್ಟು. ಊರಿನ ಮಿಕ್ಸಿ ಹಾಕಿದರೆ ಮೆಲ್ಲಗೆ ತಿರುಗುತ್ತೆ ಅಷ್ಟೆ, ಕಾಯಿ ಅರೆಯಲ್ಲ. ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸೋರೂ ಇದ್ದಾರೆ, ಆದ್ರೆ ಆ ಟ್ರಾನ್ಸ್‌ಫಾರ್ಮರೇ ಮಿಕ್ಸಿಯಷ್ಟು ಜಾಗ ತಿನ್ನುತ್ತೆ. ನಮ್ಮ ಜಾರು, ಬ್ಲೇಡಿನವೇ ಈ ವೋಲ್ಟಿಗೆ ಮಾಡಿದ್ದು ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತೆ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಅಮ್ಮನ ಸಾರಿನ ಪುಡಿ ತನ್ನಿ.

ಮೂರನೇ ಮಹಡಿ:

ತಂದೆವು! 500 ವ್ಯಾಟು, ಎರಡು ಸ್ಟೀಲ್ ಜಾರು. ನಮ್ಮ ಬೀದಿಯ ರಿಪೇರಿಯವರನ್ನ ಕೇಳಿಯೇ ಹೋಗಿದ್ದು. ಚಟ್ನಿ ಜಾರಿನೊಳಗೆ ಬೆರಳು ಹಾಕಿ ನೋಡ್ತಿದ್ದಾಗ ಅಂಗಡಿ ಹುಡುಗ ನಕ್ಕ, ಇವರು ನಾಚಿಕೊಂಡು ಆ ಕಡೆ ಟಿವಿ ನೋಡೋಕೆ ಹೋದರು. ದೊಡ್ಡ ಜಾರು ಕಪಾಟಿನ ಕೆಳಗೆ ಕೂರುತ್ತೆ, ಎತ್ತುವಾಗ ಮಾತ್ರ ಮುಂದಕ್ಕೆ ಎಳೆದುಕೊಳ್ಳಬೇಕು. ಇವತ್ತಿನ ಚಟ್ನಿ ಹೋಟೆಲಿನದ್ದರಷ್ಟು ನುಣ್ಣಗೆ ಬಂತು.

ಆದ್ರೆ ಸರ್, ಮೊದಲ ಸಲ ಓಡಿಸಿದಾಗ ಸುಟ್ಟ ಹಾಗೆ ವಾಸನೆ ಬಂತು. ಹಳೇದು ಹೊಗೆ ಬಂದು ಹೋಗಿದ್ದಕ್ಕೆ ಭಯ. ವಾಪಸ್ ಕೊಡಬೇಕಾ?

ಕಾರ್ಬನ್ ಬ್ರಶ್:

ಬೇಡ. ಹೊಸ ಮೋಟಾರಿನ ತಂತಿ ಸುರುಳಿಗೆ ವಾರ್ನಿಷ್ ಬಳಿದಿರ್ತಾರೆ, ಅದು ಕಾಯ್ದ ವಾಸನೆ. ನಾಲ್ಕಾರು ಸಲ ಓಡಿಸಿದರೆ ಹೋಗುತ್ತೆ. ಹೊಗೆ ಕಂಡರೆ ಅಥವಾ ವಾಸನೆ ವಾರ ಆದರೂ ಹೋಗದಿದ್ದರೆ ಮಾತ್ರ ಅಂಗಡಿಗೆ ಒಯ್ಯಿರಿ. ಓಡ್ತಾ ಓಡ್ತಾ ತಾನೇ ನಿಂತುಹೋದರೆ ಗಾಬರಿ ಆಗಬೇಡಿ. ಪ್ಲಗ್ ತೆಗೆದು ಆರೋಕೆ ಬಿಡಿ, ಜಾರಿನಲ್ಲಿರೋದನ್ನ ಸ್ವಲ್ಪ ಕಮ್ಮಿ ಮಾಡಿ, ತಳದಲ್ಲಿರೋ ಕೆಂಪು ಬಟನ್ ಒತ್ತಿ ಮತ್ತೆ ಹಾಕಿ. ಅದನ್ನೇ ಒತ್ತಿಕೊಟ್ಟು ದುಡ್ಡು ತಗೊಳ್ಳೋರೂ ಇದ್ದಾರೆ.

ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಬಿದ್ದಿದೆಯಾ ನೋಡಿಕೊಳ್ಳಿ. ಬಿಲ್ಲಿನದ್ದು ಫೋಟೋ ತೆಗೆದಿಡಿ, ಆ ಕಾಗದದ ಅಕ್ಷರ ಆರು ತಿಂಗಳಿಗೆಲ್ಲ ಮಾಸಿಹೋಗುತ್ತೆ.