ಲಾಕ್‌ಡೌನ್ ಹೋಗಿ ವರ್ಷಗಳಾದವು, ತಂದೆ ಮಾತ್ರ ಮನೆಯಿಂದ ಹೊರಗೆ ಬರ್ತಿಲ್ಲ. ನಿಮ್ಮ ಮನೆಯಲ್ಲಿ ಏನು ಮಾಡಿದ್ರಿ?

ಕೇಳಿದವರು, ಕಲಬುರಗಿ:
ನಮ್ಮ ತಂದೆಗೆ 71 ವರ್ಷ. ಶುಗರ್, ಬಿಪಿ ಎರಡೂ ಇವೆ. 2020ಕ್ಕೆ ಮೊದಲು ದಿನಾ ಬೆಳಿಗ್ಗೆ ಅಪ್ಪನ ಕೆರೆ ಕಡೆ ತಿರುಗಾಡಿ, ಗೆಳೆಯರ ಜೊತೆ ಚಹಾ ಕುಡಿದು ಬರುತ್ತಿದ್ದರು. ಲಾಕ್‌ಡೌನ್‌ನಲ್ಲಿ ನಿಂತಿದ್ದು ನಿಂತೇ ಹೋಯ್ತು. ಈಗ ಮಂಚ, ಟಿವಿ, ಊಟ ಅಷ್ಟೇ. ಏನಾದರೂ ಹೇಳಿದರೆ ಸಿಟ್ಟು. ಮನೆಯ ಹಿರಿಯರನ್ನು ಇದರಿಂದ ಹೊರಗೆ ತಂದವರು ಇದ್ದರೆ ನಿಮ್ಮ ಅನುಭವ ಹೇಳಿ.

ಕಲಬುರಗಿಯಿಂದಲೇ ಒಬ್ಬ ಸೊಸೆ:
ಅಕ್ಕಾ, ನಮ್ಮ ಮಾವನವರದೂ ಇದೇ ಕಥೆ. ಮೊದಲು ಅವರ ಹೆದರಿಕೆಯನ್ನು ಅರ್ಥ ಮಾಡ್ಕೊಳ್ಳಿ. ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನದೇ ಅಲ್ವಾ? 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾಗೋದಕ್ಕೂ ಮುಂಚೆ. ತೀರಿಕೊಂಡವರಿಗೆ 76 ವರ್ಷ. ವಯಸ್ಸಾದವರು, ಶುಗರ್ ಇದ್ದವರು ಹೊಸ್ತಿಲು ದಾಟಬೇಡಿ ಅಂತ ಊರಿಗೆ ಊರೇ ಹೇಳಿತು. ಆ ಮಾತು ಅವರೊಳಗೆ ಗಟ್ಟಿಯಾಗಿ ಕೂತಿದೆ.

ಆದರೆ ಹೆದರಿಕೆ ಒಂದೇ ಅಲ್ಲ. ಮಾವ ಕುರ್ಚಿಯಿಂದ ಏಳೋದನ್ನು ಒಂದು ದಿನ ಗಮನಿಸಿ ನೋಡಿದೆ. ಎರಡೂ ಕೈ ತೊಡೆ ಮೇಲೆ ಒತ್ತಿ, ಮುಂದಕ್ಕೆ ಬಾಗಿ, ಅರ್ಧ ಎದ್ದು, ಮತ್ತೆ ಕೂತು, ಕೊನೆಗೆ ಟೇಬಲ್ ಹಿಡಿದು ಎದ್ದರು. ‘ಹೊರಗ ಬಿಸಲ ಅದ, ನಾ ಒಲ್ಲೆ’ ಅನ್ನೋದು ಬರೀ ನೆಪ. ನಾಲ್ಕು ಜನರ ಮುಂದೆ ಮುಗ್ಗರಿಸಿದರೆ ಹೇಗೆ ಅನ್ನೋ ಅಳುಕು ಒಳಗಿತ್ತು. ಈ ವಯಸ್ಸಲ್ಲಿ ಕೂತಲ್ಲೇ ಕೂತರೆ ಕಾಲಿನ ಮಾಂಸಖಂಡ ಬೇಗ ಸೊರಗುತ್ತೆ. ಶುಗರ್ ಮೇಲೂ ಅದರ ಪೆಟ್ಟು ಬೀಳುತ್ತೆ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳೋದು ಈ ಮಾಂಸಖಂಡಗಳೇ.

ಅದಕ್ಕೆ ವಾಕಿಂಗ್ ಮಾತನ್ನೇ ಬಿಟ್ಟೆವು. ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟೆವು. ಧಾರಾವಾಹಿ ಮಧ್ಯೆ ಜಾಹೀರಾತು ಬಂದಾಗ ನಿಧಾನಕ್ಕೆ ಎದ್ದು ಕೂರೋದು, ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು. ಮೊದಮೊದಲು ಅತ್ತೆಯೂ ಜೊತೆಗೆ ಮಾಡಿದರು, ಅದಕ್ಕೇ ಮಾವ ಒಪ್ಪಿದ್ದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೀಬೇಕು ಅನ್ನುತ್ತೆ. 65 ದಾಟಿದವರು ವಾರಕ್ಕೆ ಮೂರು ದಿನ ಕಾಲಿನ ಬಲ, ಮೈಯ ಸಮತೋಲನಕ್ಕೂ ಅಭ್ಯಾಸ ಮಾಡಬೇಕು ಅಂತಲೂ ಹೇಳುತ್ತೆ. ಆ ಎರಡನೇ ಮಾತು ನಮ್ಮಲ್ಲಿ ಯಾರೂ ಹೇಳೋದೇ ಇಲ್ಲ.

ಕಾಲಿಗೆ ಧೈರ್ಯ ಬಂದಮೇಲೆ ಕೆಲಸ ಕೊಡೋಕೆ ಶುರು ಮಾಡಿದ್ವಿ. ‘ವಾಕಿಂಗ್ ಹೋಗಿ’ ಅಂದರೆ ತಾವು ರೋಗಿ ಅನ್ನೋ ಭಾವನೆ ಬರುತ್ತೆ. ‘ಮಾವಾ, ಪುಂಡಿಪಲ್ಯ ತರಬೇಕಿತ್ತು, ಎಳೇದು ಆರಿಸೋದು ನಿಮಗೇ ಗೊತ್ತು’ ಅಂದರೆ ಕೈಚೀಲ ಹಿಡಿದು ಹೊರಡ್ತಾರೆ. ತರಕಾರಿ ಅಂಗಡಿ ಹತ್ತಿರ ಹಳೇ ಗೆಳೆಯರೊಬ್ಬರು ಸಿಕ್ಕರು. ಅವರೂ ಹೀಗೇ ಮನೆ ಹಿಡಿದಿದ್ದರಂತೆ. ಈಗ ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೇ ಹೊರಡೋದು. ಶ್ರಾವಣದಲ್ಲಿ ಗುಡಿಯ ಪುರಾಣಕ್ಕೂ ಜೊತೆಯಾಗಿ ಹೋದರು. ನಿಮ್ಮ ತಂದೆಯ ಚಹಾದ ಗೆಳೆಯರಲ್ಲಿ ಒಬ್ಬರನ್ನು ಮೊದಲು ಮನೆಗೆ ಕರೆಸಿ. ನಾವು ನೂರು ಸಲ ಹೇಳೋದು ಒಂದೇ, ಅವರು ಬಂದು ಒಮ್ಮೆ ‘ನಡಿಯಪಾ’ ಅನ್ನೋದು ಒಂದೇ.

ಬೀದರ್‌ನಿಂದ ಒಬ್ಬರು:
ಊಟದ ಬಗ್ಗೆ ಎರಡು ಮಾತು. ಮನೆಯಲ್ಲೇ ಕೂತಾಗ ಬಾಯಾಡೋ ಚಟ ಜಾಸ್ತಿ ಆಗುತ್ತೆ. ನಮ್ಮ ಅವ್ವನ ಪಕ್ಕ ಯಾವಾಗಲೂ ಚೂಡಾ ಡಬ್ಬಿ ಇರುತ್ತಿತ್ತು. ಕಿತ್ತುಕೊಳ್ಳೋಕೆ ಹೋಗಲಿಲ್ಲ. ಡಬ್ಬಿಯನ್ನು ಅಡುಗೆಮನೆಗೆ ಸಾಗಿಸಿ, ಆ ಜಾಗದಲ್ಲಿ ಒಂದು ಬಟ್ಟಲು ಹುರಿದ ಕಡಲೆ, ಸೌತೆಕಾಯಿ ಹೋಳು ಇಟ್ಟೆವು. ಬಿಪಿ ಇದ್ದವರು ಉಪ್ಪಿನಕಾಯಿ, ಹಪ್ಪಳದ ಮೇಲೆ ಕಣ್ಣಿಡಬೇಕು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ದಾಟಬಾರದು. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಶುಗರ್‌ಗೆ ಏನೂ ಆಗಲ್ಲ ಅಂತ ಲೆಕ್ಕವಿಲ್ಲದೆ ತಿಂದರೆ ಅದೂ ಏರಿಸುತ್ತೆ.

ಯಾದಗಿರಿ ಕಡೆಯ ಒಬ್ಬ ಸಿಸ್ಟರ್:
ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಲಾಕ್‌ಡೌನ್‌ನಲ್ಲಿ ಆಸ್ಪತ್ರೆಗೆ ಬರೋದು ನಿಂತಿತು. ಹಳೇ ಚೀಟಿ ತೋರಿಸಿ ಅದೇ ಗುಳಿಗೆ ತಗೊಳ್ಳೋದು ರೂಢಿಯಾಯ್ತು. ಇವತ್ತಿಗೂ ಅದೇ ಚೀಟಿ ಮಡಚಿ ಜೇಬಲ್ಲಿ ಇಟ್ಕೊಂಡು ಬರುವವರನ್ನು ನೋಡ್ತೀನಿ. ತಂದೆಯವರನ್ನು ನಡೆಸೋ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ, ಹಿಂದಿನ ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಅಂತ ಅದು ತೋರಿಸುತ್ತೆ. ಕಿಡ್ನಿ, ಕಣ್ಣು ಕೂಡ ನೋಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.

ಗ್ಲಿಮೆಪಿರೈಡ್ ಥರದ ಶುಗರ್ ಇಳಿಸೋ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು ನಡಿಗೆ ಜಾಸ್ತಿ ಮಾಡಿದರೆ ಶುಗರ್ ದಿಢೀರ್ ಇಳೀಬಹುದು. ಬೆವರು, ಕೈ ನಡುಕ, ತಡೆಯಲಾಗದ ಹಸಿವು ಬಂದರೆ ತಕ್ಷಣ ಕೂರಿಸಿ. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಹಾಗಾಗಿ ಬಿಸಿಲೇರೋ ಮುಂಚೆ ಅಥವಾ ಸೂರ್ಯ ಮುಳುಗಿದ ಮೇಲೆ ಮಾತ್ರ ಕಳಿಸಿ. ಗುಡಿಯಲ್ಲೂ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಸಬೇಡಿ. ಶುಗರ್‌ನಿಂದ ಪಾದ ಜೋಮು ಹಿಡಿದಿದ್ದರೆ ಬೊಬ್ಬೆ ಎದ್ದರೂ ಗೊತ್ತಾಗಲ್ಲ. ರಾತ್ರಿ ಮಲಗೋ ಮುಂಚೆ ಅಂಗಾಲು, ಬೆರಳ ಸಂದು ನೀವೇ ನೋಡಿ. ತಂದೆ ಯಾವ ಗುಳಿಗೆ ತಗೊಳ್ತಾರೆ ಅಂತ ನೀವು ಬರೆದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಹಳೇ ಚೀಟಿಯ ಜೊತೆ ಗುಳಿಗೆಯ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕ್ಕೊಳ್ಳಿ.