ಅಪ್‌ಡೇಟ್: ಇಂಟರ್‌ಫೇಸ್ ಮೆಥಡ್‌ಗೆ ಪ್ಯಾರಾಮೀಟರ್ ಹೆಸರು ಯಾಕೆ

ಇಂಟರ್‌ಫೇಸ್ ಅಂದ್ರೆ ಕ್ಲಾಸ್‌ನಲ್ಲಿ ಯಾವ್ಯಾವ ಮೆಥಡ್ ಇರ್ಬೇಕು ಅನ್ನೋ ಪಟ್ಟಿ. ಬಾಡಿನೇ (ಒಳಗಿನ ಕೋಡೇ) ಇಲ್ದಿರೋ ಇಂಟರ್‌ಫೇಸ್ ಮೆಥಡ್‌ಗೆ ಸಿ ಶಾರ್ಪ್ (C#) ಪ್ರೋಗ್ರಾಮಿಂಗ್ ಭಾಷೆ ಯಾಕೆ ಪ್ಯಾರಾಮೀಟರ್ (ಮೆಥಡ್ ತಗೊಳ್ಳೋ ಮೌಲ್ಯ) ಹೆಸರು ಕೇಳತ್ತೆ, ಬರೀ ಟೈಪ್ ಸಾಲ್ದಾ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್. ಕೋಡ್ ಬರೆದು ನೋಡ್ದೆ. 2010ರಲ್ಲಿ ಬಂದ ಸಿ ಶಾರ್ಪ್ 4ರಿಂದ ಆರ್ಗ್ಯುಮೆಂಟ್‌ನ (ಮೆಥಡ್ ಕರೆಯೋವಾಗ ಕೊಡೋ ಮೌಲ್ಯಾನ) ಪ್ಯಾರಾಮೀಟರ್ ಹೆಸರು ಹಾಕಿ ಕಳಿಸಬಹುದು, ಆಗ ಕಂಪೈಲರ್ ನೋಡೋದು ವೇರಿಯಬಲ್‌ನ ಟೈಪ್‌ನಲ್ಲಿರೋ ಹೆಸರನ್ನ, ಅಂದ್ರೆ ಒಂದೇ ಪ್ಯಾರಾಮೀಟರ್‌ಗೆ ಇಂಟರ್‌ಫೇಸ್‌ನಲ್ಲಿ ‘ಪೇಯರ್’ (payer), ಕ್ಲಾಸ್‌ನಲ್ಲಿ ‘ಸೋರ್ಸ್’ (source) ಅಂತಿದ್ರೆ ಇಂಟರ್‌ಫೇಸ್ ಮೂಲಕ ಕರೆಯೋವಾಗ ‘ಪೇಯರ್’ ಅಂತ್ಲೇ ಬರೀಬೇಕು, ‘ಸೋರ್ಸ್’ ಅಂದ್ರೆ ಎರರ್. ಅದಕ್ಕೇ ಇಂಟರ್‌ಫೇಸ್‌ನಲ್ಲೂ ಹೆಸರು ಬೇಕು. ಸಿ ಶಾರ್ಪ್ ಜೊತೆ ಬಳಸೋ ಇನ್ನೊಂದು ಭಾಷೆ ವಿಬಿ ಡಾಟ್‌ನೆಟ್‌ನಲ್ಲಂತೂ ಹೆಸರು ಹಾಕಿ ಕಳಿಸೋ ಸೌಲಭ್ಯ ಮೊದಲಿಂದ್ಲೂ ಇತ್ತು.

ಗೋ ಭಾಷೇಲಿ ಹೆಸರು ಬಿಡಬಹುದು, ಸಿ ಭಾಷೆಯ ಹೆಡರ್ ಫೈಲ್‌ನಲ್ಲೂ (ಫಂಕ್ಷನ್‌ಗಳ ಘೋಷಣೆ ಬರೆಯೋ ಫೈಲ್) ಅಷ್ಟೇ. ಆದ್ರೂ ಎರಡು ಸ್ಟ್ರಿಂಗ್ (ಅಕ್ಷರಗಳ ಸಾಲು) ತಗೊಳ್ಳೋ ಟ್ರಾನ್ಸ್‌ಫರ್ ಮೆಥಡ್‌ನಲ್ಲಿ ದುಡ್ಡು ಯಾರ ಖಾತೆಯಿಂದ ಯಾರಿಗೆ ಹೋಗತ್ತೆ ಅನ್ನೋದು ಹೆಸರಿಲ್ದೆ ಗೊತ್ತಾಗಲ್ಲ, ಹಾಗಾಗಿ ಕಡ್ಡಾಯ ಮಾಡಿದ್ದೇ ಸರಿ ಅಂತ ನಂಗನ್ಸತ್ತೆ.